ಸಿಲ್ವರ್ ತುದಿ ಇಳಿಸಿದ್ದು, ಮೆಣಸಿನ ಬಳ್ಳಿ ಉಳಿಸಿದ್ದು

ಮೂಡಿಗೆರೆ ಕಡೆ ಮರಗಸಿ ಮಾಡೋರಿಗೆ, ಅಂದರೆ ಕಾಫಿ ತೋಟದ ನೆರಳು ಮರಗಳ ಕೊಂಬೆ ಸವರೋರಿಗೆ, ಬೀಳದ ಹಾಗೆ ಸೊಂಟಕ್ಕೆ ಬೆಲ್ಟ್ ಕಟ್ಟಿದವನನ್ನು ಕಂಡರೆ ಈಗಲೂ ನಗು. ಮೂರು ವರ್ಷ ನಾನೂ ಆ ನಗು ತಿಂದವನೇ. "ನೀನು ಹಗ್ಗ ಕಟ್ಟಿ ಬಿಚ್ಚೋದರೊಳಗೆ ನಾವು ಎರಡು ಮರ ಮುಗಿಸಿರ್ತೀವಿ ಕಣೋ" ಅಂತ ನನಗೆ ಕತ್ತಿ ಹಿಡಿಯೋದು ಕಲಿಸಿದ ಸೋದರಮಾವನೇ ಅಂದಿದ್ದರು. ಅವರ ಮಾತು ಸುಳ್ಳೂ ಅಲ್ಲ. ಹಾಲುವಾಣದ ಸಣ್ಣ ಕೊಂಬೆ ತೆಗೆಯೋಕೆ ಹಗ್ಗ ಯಾಕೆ? ನಾನು ಹೇಳುತ್ತಿರೋದು ಬೇರೆ ಮರಗಳ ವಿಷಯ. ಅಡಿಯಲ್ಲಿ ಮನೆ, ಕರೆಂಟ್ ಲೈನ್, ಇಲ್ಲಾ ಫಲ ಕೊಡೋ ಬಳ್ಳಿ ಇರೋ ಮರಗಳು.

ಮೊದಲ ವರ್ಷ ದುಡ್ಡು ಉಳಿಸೋಣ ಅಂತ ಅಂಗಡಿಯ ನೀಲಿ ಪ್ಲಾಸ್ಟಿಕ್ ಹಗ್ಗ ತಂದೆ. ಏಳುನೂರೋ ಎಂಟುನೂರೋ ಕೊಟ್ಟ ನೆನಪು. ಹಲಸಿನ ಕೊಂಬೆಯೊಂದನ್ನು ಇಳಿಸುವಾಗ ಬುಡಕ್ಕೆ ಸುತ್ತಿದ ಜಾಗದಲ್ಲಿ ಹಗ್ಗ ಓಡಿ ಓಡಿ ಬಿಸಿಯಾಯಿತು, ಕರಗಿ ತೊಗಟೆಗೆ ಅಂಟಿತು, ಪಟ್ಟಂತ ತುಂಡಾಯಿತು. ಕೆಳಗೆ ಹನ್ನೊಂದು ರೊಬಸ್ಟಾ ಕಾಫಿ ಗಿಡ ನೆಲಸಮ. ಗಿಡಕ್ಕೆ ಐನೂರರಂತೆ ತೋಟದ ಸಾಹುಕಾರರು ಕೂಲಿಯಲ್ಲಿ ಮುರಿದುಕೊಂಡರು. ನಾಲ್ಕು ದಿನದ ದುಡಿಮೆ ಅಲ್ಲೇ ಹೋಯಿತು. ಯಾರಾದರೂ ಆ ಹಗ್ಗದಲ್ಲಿ ಭಾರ ಇಳಿಸ್ತೀನಿ ಅಂದರೆ ಅವರ ಕೈಯಿಂದ ಕಿತ್ತು ಬಚ್ಚಲಿಗೆ ಎಸೀತೀನಿ.

ಆಮೇಲೆ ಬೆಂಗಳೂರಲ್ಲಿ ಬಂಡೆ ಹತ್ತೋ ಹುಡುಗನೊಬ್ಬನಿಂದ ಹಳೇ ಬೆಲ್ಟ್ ತಂದೆ. ಬಂಡೆಗೆ ಅದು ಸರಿ, ಮರಕ್ಕಲ್ಲ. ಅರ್ಧ ಗಂಟೆ ನೇತಾಡಿದರೆ ತೊಡೆ ಜೋಮು ಹಿಡಿದು ಇಳಿದ ಮೇಲೆ ನಡೆಯೋಕಾಗ್ತಿರಲಿಲ್ಲ. ಕೊನೆಗೆ ಅಗಲ ಪಟ್ಟಿಯ ಮರದ ಬೆಲ್ಟು, ಹನ್ನೆರಡು ಮಿಲಿಮೀಟರಿನ ಹಗ್ಗ, ಕೊಂಡಿಗಳು, ಎರಡು ರಾಟೆ, ಎಲ್ಲಾ ಸೇರಿ ಮೂವತ್ತೆಂಟು ಸಾವಿರದ ಹತ್ತಿರ ಬಂತು. ಹೆಂಡತಿ ಸಂಘದಲ್ಲಿ ಸಾಲ ತೆಗೆದು ಕೊಟ್ಟಳು. ಒಂದು ವರ್ಷ ಆ ಕಂತಿನ ವಾರ ಬಂದರೆ ನಾನು ಮನೆಯಲ್ಲಿ ಜಾಸ್ತಿ ಮಾತಾಡುತ್ತಿರಲಿಲ್ಲ.

ಅಲ್ಯುಮಿನಿಯಂ ಏಣಿ ಮಾತ್ರ ಇವತ್ತಿಗೂ ಮುಟ್ಟಿಲ್ಲ. ಹಗುರ, ಬೇಗ ಆಗುತ್ತೆ, ಎಲ್ಲಾ ಗೊತ್ತು. ಆದರೆ ತೋಟದೊಳಗೆ ಲೈನ್ ಎಲ್ಲಿ ಹೋಗಿದೆ ಅಂತ ಸೊಪ್ಪಿನ ಮಧ್ಯೆ ಕಾಣಲ್ಲ. ಏಣಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ವಾಲಿಸುವಾಗ ತಂತಿಗೆ ತಗುಲಿ ಸತ್ತವರು ಕೊಡಗಲ್ಲೂ ಇದ್ದಾರೆ, ನಮ್ಮ ಜಿಲ್ಲೆಯಲ್ಲೂ ಇದ್ದಾರೆ. ನನ್ನದು ಬಿದಿರಿನದೇ. ಅದೂ ಮಳೆಯಲ್ಲಿ ನೆನೆದಿದ್ದರೆ ಲೈನಿನ ಹತ್ತಿರ ಒಯ್ಯೋದಿಲ್ಲ.

ಈಗ ತಲೆಬರಹದ ಆ ಸಿಲ್ವರ್ ಓಕ್ ಮರ. ಎಂಬತ್ತು ಅಡಿ ಇರಬಹುದು, ಆಳುಗಳ ಲೈನ್ ಮನೆ ಕಡೆಗೆ ವಾಲಿತ್ತು. ಮೂವತ್ತೈದು ಅಡಿವರೆಗೆ ಪಣಿಯೂರು ತಳಿಯ ಮೆಣಸಿನ ಬಳ್ಳಿ ಸುತ್ತಲೂ ತುಂಬಿಕೊಂಡು, ಕಾಂಡವೇ ಕಾಣುತ್ತಿರಲಿಲ್ಲ. ಸಿಲ್ವರ್ ಕಡಿಯೋಕೆ ಅರಣ್ಯ ಇಲಾಖೆ ಅನುಮತಿ ಬೇಡ, 1976ರ ಮರ ಸಂರಕ್ಷಣೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಹಾಗಾಗಿ ಬೇರೆಯವರೆಲ್ಲ ಬುಡಕ್ಕೇ ಕೊಯ್ಯೋ ಮೆಷಿನ್ ಇಡೋ ಲೆಕ್ಕ ಹಾಕಿದ್ದರು, ಆರು ಸಾವಿರಕ್ಕೆ. ಬಳ್ಳಿ ಹೋಗುತ್ತೆ, ಲೈನ್ ಮನೆಯ ಚಾವಣಿ ಶೀಟಿನ ಕಥೆ ದೇವರಿಗೆ ಬಿಟ್ಟಿದ್ದು. ನಾನು ಹದಿನೆಂಟು ಸಾವಿರ ಅಂದೆ. ತೋಟದ ಲೆಕ್ಕ ಬರೆಯೋ ರೈಟರು ನಕ್ಕೇಬಿಟ್ಟರು. ಸಾಹುಕಾರರು ಮಾತ್ರ ಬಳ್ಳಿಯನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, "ಒಂದು ಶೀಟು ಒಡೆದರೂ ಅರ್ಧ ದುಡ್ಡು" ಅಂದರು. ಒಪ್ಪಿದೆ.

ಸಿಲ್ವರ್ ಕೊಂಬೆ ನಂಬಬಾರದು ಅಂತ ನಿಮಗೆ ಹೇಳಬೇಕಿಲ್ಲ, ಕಡ್ಡಿ ಮುರಿದ ಹಾಗೆ ಮುರಿಯುತ್ತೆ. ಏಣಿ ಒರಗಿಸಿದರೆ ಬಳ್ಳಿ ಜಜ್ಜಿಹೋಗುತ್ತೆ. ಹಾಗಾಗಿ ಬಳ್ಳಿಗಿಂತ ಮೇಲೆ, ಕಾಂಡಕ್ಕೆ ಒತ್ತಿಕೊಂಡೇ ಎರಡು ಮೂರು ಕೊಂಬೆ ದಾಟೋ ಹಾಗೆ ದಾರ ಎಸೆಯಬೇಕಾಯಿತು. ಕಾಲುಚೀಲಕ್ಕೆ ಮರಳು ತುಂಬಿ ಎಸೆದೆ, ಚೀಲ ಹರಿಯಿತು. ಮೀನು ಬಲೆಯ ಸೀಸದ ಗುಂಡು ಹೊಲಿದು ಎಸೆದೆ, ಎತ್ತರ ಸಾಲಲಿಲ್ಲ. ಕೊನೆಗೆ ದೊಡ್ಡ ಕವಣೆಯೊಂದನ್ನು ನಾನೇ ಮಾಡಿಕೊಂಡೆ. ಅದರ ರಬ್ಬರ್ ಎಲ್ಲಿಂದ ತಂದೆ, ಹೇಗೆ ಕಟ್ಟಿದೆ ಅನ್ನೋದು ನನ್ನಲ್ಲೇ ಇರಲಿ. ಹಗ್ಗ ಏರಿಸಿದ ಮೇಲೆ ಇಬ್ಬರು ಜೋತುಬಿದ್ದು ಜಗ್ಗಿ ನೋಡಿ, ಆಮೇಲೆ ನಾನು ಹತ್ತಿದ್ದು. ಮೇಲೆ ಹೋದ ತಕ್ಷಣ ಬೆಲ್ಟಿನಿಂದ ಕಾಂಡಕ್ಕೇ ಎರಡು ಪಟ್ಟಿ ಕಟ್ಟಿಕೊಂಡೆ. ಕೊಂಬೆ ದಾಟುವಾಗ ಒಂದನ್ನು ಬಿಚ್ಚಿದರೂ ಇನ್ನೊಂದು ಕಟ್ಟಿಯೇ ಇರಬೇಕು.

ತುಂಡು ಇಳಿಸೋ ರಾಟೆಯನ್ನು ಅದೇ ಮರಕ್ಕೆ, ಕೊಯ್ಯೋ ಜಾಗದ ಕೆಳಗೆ ಕಟ್ಟೋದು ರೂಢಿ. ಹಾಗೆ ಕಟ್ಟಿದರೆ ತುಂಡು ಮೊದಲು ಬಿದ್ದು ಆಮೇಲೆ ಹಗ್ಗಕ್ಕೆ ಸಿಕ್ಕುತ್ತೆ, ಆ ಜಗ್ಗಿಗೆ ಇಡೀ ಮರ ನಮ್ಮನ್ನು ಉಯ್ಯಾಲೆ ಆಡಿಸುತ್ತೆ. ಇಪ್ಪತ್ತೈದು ಅಡಿ ದೂರದಲ್ಲಿ ಅದಕ್ಕಿಂತ ಎತ್ತರದ ನಂದಿ ಮರವಿತ್ತು. ರಾಟೆಯನ್ನು ಅದರ ಗಟ್ಟಿ ಕವಲಿಗೆ ಕಟ್ಟಿದೆ. ಮೊದಲೇ ಹಗ್ಗ ಬಿಗಿಮಾಡಿಟ್ಟರೆ ಕೊಯ್ದ ತುಂಡು ಬೀಳೋದೇ ಇಲ್ಲ, ಲೈನ್ ಮನೆಯಿಂದ ಆಚೆ ತೂಗಿಕೊಂಡು ಹೋಗುತ್ತೆ.

ಮೊದಲ ತುದಿಯಲ್ಲೇ ತಪ್ಪಿದೆ. ಹಗ್ಗವನ್ನು ತೀರ ಕೆಳಗೆ ಕಟ್ಟಿದ್ದೆ. ಸೊಪ್ಪಿನ ಭಾರಕ್ಕೆ ತುದಿ ತಲೆಕೆಳಗಾಗಿ ತಿರುಗಿ, ಬುಡ ಬಂದು ನನ್ನ ಮಂಡಿಗೆ ಬಡಿಯಿತು. ಎರಡು ನಿಮಿಷ ಕಣ್ಣು ಮುಚ್ಚಿ ಕೂತೆ. ಕೆಳಗಿಂದ ಹುಡುಗ "ಅಣ್ಣಾ, ಇಳೀತೀರಾ?" ಅಂದ. ಇಳಿದಿದ್ದರೆ ಮತ್ತೆ ಹತ್ತುತ್ತಿರಲಿಲ್ಲ. ಅಲ್ಲಿಂದಾಚೆಗೆ ಭಾರದ ನಡುವಿಗಿಂತ ಮೇಲೆಯೇ ಕಟ್ಟಿದೆ, ಐದಾರು ಅಡಿಗಿಂತ ಉದ್ದ ಕೊಯ್ಯಲಿಲ್ಲ. ಒಂದೊಂದು ತುಂಡು ಐವತ್ತರಿಂದ ನೂರು ಕೆ.ಜಿ. ಇದ್ದಿರಬೇಕು. ಕೆಳಗೆ ಒಬ್ಬನೇ ಹುಡುಗ, ನಂದಿಯ ಬುಡಕ್ಕೆ ಹಗ್ಗ ಸುತ್ತಿ ಆರಾಮಾಗಿ ಬಿಟ್ಟ. ಎಷ್ಟಕ್ಕೆ ಎಷ್ಟು ಸುತ್ತು ಅಂತ ಕೇಳಬೇಡಿ, ನಿಮ್ಮ ಹಗ್ಗದಲ್ಲಿ ನೀವೇ ಸಣ್ಣ ತುಂಡಿಂದ ಶುರುಮಾಡಿ ಕಂಡುಕೊಳ್ಳಿ.

ಒಂದೂವರೆ ದಿನ ಹಿಡಿಯಿತು. ಶೀಟು ಒಂದೂ ಒಡೆಯಲಿಲ್ಲ. ಬಳ್ಳಿಯಲ್ಲಿ ಒಂದು ಕವಲು ಮುರಿಯಿತು, ಅದೂ ನನ್ನ ಬೂಟಿಗೆ. ಇಬ್ಬರ ಕೂಲಿ, ಪೆಟ್ರೋಲು ಕಳೆದು ಹದಿಮೂರು ಸಾವಿರ ಉಳಿಯಿತು. ಆ ಸಾಹುಕಾರರು ಮುಂದಿನ ಬೇಸಿಗೆಗೆ ಅಂಥವೇ ಹದಿನಾಲ್ಕು ಮರ ತೋರಿಸಿದರು. ರೈಟರು ಈಗ ನನಗೆ ಕಾಫಿ ಕೊಡದೆ ಕಳಿಸಲ್ಲ.

ಇನ್ನೊಂದು, ಸಂಬಂಧ ಇಲ್ಲದ್ದು. ಹಲಸು, ಅತ್ತಿ ಕೊಂಬೆ ಕೊಯ್ದ ಗಾಯಕ್ಕೆ ಏನು ಹಚ್ಚಬೇಕು ಅಂತ ಎರಡು ವರ್ಷ ನೋಡಿದೆ. ಕೆಲವಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಪೇಸ್ಟ್, ಕೆಲವಕ್ಕೆ ಸಗಣಿ, ಕೆಲವಕ್ಕೆ ಏನೂ ಇಲ್ಲ. ಹಚ್ಚಿದ್ದಕ್ಕೂ ಬಿಟ್ಟಿದ್ದಕ್ಕೂ ನನಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಕೊಂಬೆಯ ಬುಡದಲ್ಲಿ ಉಬ್ಬಿರುತ್ತಲ್ಲ, ಆ ಉಬ್ಬು ಬಿಟ್ಟು ಕೊಯ್ದಿದ್ದು ತೊಗಟೆ ಮುಚ್ಚಿಕೊಂಡಿತು. ಕಾಂಡಕ್ಕೆ ಸಾಪಾಗಿ ಸವರಿದ್ದು ಪೇಸ್ಟ್ ಹಚ್ಚಿದರೂ ಒಳಗೆ ಕೊಳೆಯಿತು.

ಮೆಷಿನ್ನಿನ ಚೈನಿಗೆ ಸುಟ್ಟ ಎಂಜಿನ್ ಆಯಿಲ್ ಹಾಕಿ ನೋಡಿದ್ದೂ ಇದೆ. ಪಂಪ್ ಕಟ್ಟಿ ಎರಡು ಸಾವಿರ ಹೋಯಿತು, ಅಷ್ಟೇ.

ಇಳಿಸೋ ಹಗ್ಗಕ್ಕೆ ಮೂರು ಬೇಸಿಗೆ ಆಯಿತು, ಮೇಲ್ಪದರ ಅಲ್ಲಲ್ಲಿ ಜುಂಗು ಎದ್ದಿದೆ. ಈ ಮಳೆಗಾಲ ಕಳೆದ ಮೇಲೆ ಹೊಸದು ತರಬೇಕು. ಹಳೇದನ್ನು ದನ ಕಟ್ಟೋಕೆ ಅಂತ ಹೆಂಡತಿ ಈಗಲೇ ಕೇಳಿಟ್ಟಿದ್ದಾಳೆ.