ಮಕ್ಕಳ ಹುಟ್ಟುಹಬ್ಬ, ಬೆಡ್‌ರೂಮಿನ ಲೆಕ್ಕ: ಬ್ರಿಟನ್ನಿನ ಕೌನ್ಸಿಲ್ ಮನೆಗಳ ಬಾಡಿಗೆ ನೆರವಿನಲ್ಲಿ ನನ್ನ ಅನುಭವ

ಬ್ರಿಟನ್ನಿನಲ್ಲಿ ಕೌನ್ಸಿಲ್ (ಸ್ಥಳೀಯ ಆಡಳಿತ) ಬಾಡಿಗೆಗೆ ಕೊಟ್ಟ ಮನೆಯಲ್ಲೋ ಹೌಸಿಂಗ್ ಅಸೋಸಿಯೇಷನ್ (ಲಾಭಕ್ಕಲ್ಲದ ವಸತಿ ಸಂಸ್ಥೆ) ಮನೆಯಲ್ಲೋ ಇರುವ ಕುಟುಂಬದ ಬಾಡಿಗೆ ನೆರವನ್ನು ಲೆಕ್ಕ ಹಾಕಲು ಕೂತಾಗ ನಾನು ಮೊದಲು ಕೇಳುವುದು ಮಕ್ಕಳ ಹುಟ್ಟಿದ ತಾರೀಖು. ಸಂಬಳದ ಚೀಟಿ ಆಮೇಲೆ. ಹಾಳೆಯ ಎಡಗಡೆ ಮನೆಯಲ್ಲಿ ಕಾಯಂ ಇರುವವರ ಪಟ್ಟಿ, ವಯಸ್ಸು, ಗಂಡೋ ಹೆಣ್ಣೋ ಎಂಬ ವಿವರ. ಬಲಗಡೆ ಒಂದೊಂದು ಮಗುವಿಗೂ 10 ತುಂಬುವ ದಿನ ಮತ್ತು 16 ತುಂಬುವ ದಿನ. ಬೆಡ್‌ರೂಮಿನ ಲೆಕ್ಕ ತಿರುಗುವುದು ಹೆಚ್ಚಾಗಿ ಆ ಎರಡು ದಿನಗಳಲ್ಲೇ.

ಅದಕ್ಕೂ ಮೊದಲು ನಮ್ಮವರಿಗೆ ಒಂದು ಎಚ್ಚರಿಕೆ. ಸ್ಕಿಲ್ಡ್ ವರ್ಕರ್ ವೀಸಾದಲ್ಲಿರುವವರಿಗೆ ಸಾಮಾನ್ಯವಾಗಿ ಸರ್ಕಾರಿ ನೆರವು ಪಡೆಯುವಂತಿಲ್ಲ ಎಂಬ ಷರತ್ತು ಇರುತ್ತದೆ. ಯೂನಿವರ್ಸಲ್ ಕ್ರೆಡಿಟ್ (ಕಡಿಮೆ ಆದಾಯದವರಿಗೆ ಸರ್ಕಾರ ತಿಂಗಳು ತಿಂಗಳು ಕೊಡುವ ನೆರವು), ಹೌಸಿಂಗ್ ಬೆನಿಫಿಟ್ (ಬಾಡಿಗೆಗೆಂದೇ ಕೊಡುವ ಹಳೆಯ ನೆರವು), ಕೌನ್ಸಿಲ್ ಮನೆ ಎಲ್ಲವೂ ಅದರೊಳಗೆ ಬರುತ್ತವೆ. ಕಾಯಂ ವಾಸದ ಅನುಮತಿ ಸಿಗುವ ಮುನ್ನ ಅರ್ಜಿ ಹಾಕಿದರೆ ವೀಸಾಕ್ಕೇ ಕುತ್ತು ಬರಬಹುದು. ಅನುಮಾನವಿದ್ದರೆ ವಲಸೆ ಸಲಹೆಗಾರರನ್ನು ಕೇಳದೆ ಮುಂದುವರಿಯಬೇಡಿ.

ಈಗ ನಿಯಮ. ಕುಟುಂಬಕ್ಕೆ ಸಲ್ಲುವುದಕ್ಕಿಂತ ಹೆಚ್ಚು ಬೆಡ್‌ರೂಮ್ ಇದ್ದರೆ ಬಾಡಿಗೆ ನೆರವಿನಲ್ಲಿ ಆಗುವ ಕಡಿತವನ್ನು ಜನ 'ಬೆಡ್‌ರೂಮ್ ಟ್ಯಾಕ್ಸ್' ಎಂದು ಕರೆಯುತ್ತಾರೆ. ಅದು ಜಾರಿಗೆ ಬಂದದ್ದು 2013ರ ಏಪ್ರಿಲ್ 1ರಂದು. ದುಡಿಯುವ ವಯಸ್ಸಿನ ಬಾಡಿಗೆದಾರರಿಗೆ ಮಾತ್ರ ಇದು ಅನ್ವಯ. ಈಗ ಅವರಲ್ಲಿ ಬಹುಪಾಲು ಮಂದಿಗೆ ಬಾಡಿಗೆ ನೆರವು ಬರುವುದು ಯೂನಿವರ್ಸಲ್ ಕ್ರೆಡಿಟ್ ಮೂಲಕ. ಗಂಡ-ಹೆಂಡತಿಗೆ ಒಂದು ಕೋಣೆ. 16 ತುಂಬಿದ ಪ್ರತಿಯೊಬ್ಬರಿಗೂ ಒಂದೊಂದು. 16ರ ಒಳಗಿನ ಇಬ್ಬರು ಹುಡುಗರಿಗೆ ಅಥವಾ ಇಬ್ಬರು ಹುಡುಗಿಯರಿಗೆ ಸೇರಿ ಒಂದು. 10ರ ಒಳಗಿನ ಇಬ್ಬರು ಅಣ್ಣ-ತಂಗಿಯಾಗಿರಲಿ, ಅಕ್ಕ-ತಮ್ಮನಾಗಿರಲಿ, ಇಬ್ಬರಿಗೂ ಒಂದೇ. ಜೋಡಿ ಸಿಗದೆ ಉಳಿದ ಮಗುವಿಗೆ ಇನ್ನೊಂದು. ಹೊಟ್ಟೆಯಲ್ಲಿರುವ ಮಗು ಹುಟ್ಟುವವರೆಗೆ ಲೆಕ್ಕಕ್ಕಿಲ್ಲ.

ಜೋಡಿ ಮಾಡುವಾಗಲೇ ಹೆಚ್ಚು ತಪ್ಪಾಗುತ್ತದೆ. 14ರ ಹುಡುಗ, 11ರ ಹುಡುಗಿ, 7ರ ಹುಡುಗ, 5ರ ಹುಡುಗಿ ಇದ್ದಾರೆ ಎನ್ನಿ. ಚಿಕ್ಕವರಿಬ್ಬರನ್ನು ಜೋಡಿ ಮಾಡಿ ದೊಡ್ಡವರಿಗೆ ಒಂದೊಂದು ಕೊಟ್ಟರೆ ಮಕ್ಕಳಿಗೆ ಮೂರು ಕೋಣೆ. ಹುಡುಗರನ್ನು ಒಂದು ಕಡೆ, ಹುಡುಗಿಯರನ್ನು ಒಂದು ಕಡೆ ಹಾಕಿದರೆ ಎರಡೇ. ಕೋಣೆ ಅತಿ ಕಡಿಮೆ ಬರುವ ಜೋಡಿಯನ್ನೇ ನಿಯಮ ಹಿಡಿಯುತ್ತದೆ. ಹಾಗಾಗಿ ಎಲ್ಲ ಜೋಡಿಗಳನ್ನೂ ಹಾಳೆಯ ಮೇಲೆ ಬರೆದು, ಕಡಿಮೆ ಬಂದದ್ದನ್ನೇ ಹಿಡಿಯುವುದು ನನ್ನ ಪದ್ಧತಿ.

ಇದು ಹಣದ ಲೆಕ್ಕ ಮಾತ್ರ. ಮನೆಯೊಳಗೆ ಯಾರು ಎಲ್ಲಿ ಮಲಗಬೇಕೆಂದು ಈ ನಿಯಮ ಹೇಳುವುದಿಲ್ಲ. ಹತ್ತು ತುಂಬಿದ ಅಣ್ಣ-ತಂಗಿ ಒಂದೇ ಕೋಣೆಯಲ್ಲಿ ಮಲಗಿದರೆ ಕಾನೂನು ಮುರಿದಂತೆ ಎಂದು ಹೆದರುವ ತಾಯಂದಿರು ಬಹಳ. ಆ ಭಯ ಬೇಡ. ಅಪ್ಪ-ಅಮ್ಮ ಮನೆಯ ಹಾಲ್‌ನಲ್ಲಿ ಹಾಸಿಗೆ ಹಾಸಿಕೊಂಡು ಮಕ್ಕಳಿಗೆ ಕೋಣೆ ಬಿಟ್ಟರೂ ಲೆಕ್ಕ ಬದಲಾಗುವುದಿಲ್ಲ.

ಹೆಚ್ಚುವರಿ ಕೋಣೆ ಒಂದಿದ್ದರೆ ಕಡಿತ 14 ಶೇಕಡಾ, ಎರಡು ಅಥವಾ ಅದಕ್ಕಿಂತ ಹೆಚ್ಚಿದ್ದರೆ 25. ಈ ಶೇಕಡಾ ಹಿಡಿಯುವುದು ನೆರವಿಗೆ ಅರ್ಹವಾದ ಪೂರ್ತಿ ಬಾಡಿಗೆಯ ಮೇಲೆ, ಕೈಗೆ ಬರುವ ಹಣದ ಮೇಲಲ್ಲ. ವಾರಕ್ಕೆ 120 ಪೌಂಡ್ ಬಾಡಿಗೆಯಾದರೆ 52ರಿಂದ ಗುಣಿಸಿ 12ರಿಂದ ಭಾಗಿಸಿ: ತಿಂಗಳಿಗೆ 520. ಒಂದು ಕೋಣೆಗೆ 72.80 ಹೋಗುತ್ತದೆ, ಎರಡಕ್ಕೆ 130.

ಈಗ ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ಕೂರುವ ಪ್ರಶ್ನೆ: ಚಿಕ್ಕ ಮನೆಗೆ ಹೋಗಬೇಕೇ? ಗಂಡ-ಹೆಂಡತಿ, 8ರ ಮಗಳು, 5ರ ಮಗ, ಮೂರು ಬೆಡ್‌ರೂಮಿನ ಮನೆ. ಇವತ್ತಿನ ಲೆಕ್ಕದಲ್ಲಿ ಎರಡೇ ಕೋಣೆ, 14 ಶೇಕಡಾ ಕಡಿತ. ಮಗಳಿಗೆ 10 ತುಂಬಿದ ದಿನ ಮೂರನೆಯ ಕೋಣೆ ಸಲ್ಲುತ್ತದೆ, ಕಡಿತ ನಿಲ್ಲುತ್ತದೆ. ಮೇಲೆ ಹೇಳಿದ ಬಾಡಿಗೆಯೇ ಆದರೆ ಎರಡು ವರ್ಷಕ್ಕೆ ಆಗುವ ನಷ್ಟ 1,747 ಪೌಂಡಿನಷ್ಟು. ಚಿಕ್ಕ ಮನೆಗೆ ಹೋದರೆ ಸಾಗಾಟದ ಖರ್ಚು, ನೆಲಕ್ಕೆ ಕಾರ್ಪೆಟ್ (ಈ ಮನೆಗಳನ್ನು ಎಷ್ಟೋ ಸಲ ಬರಿ ನೆಲದಲ್ಲೇ ಕೊಡುತ್ತಾರೆ), ಪರದೆ, ಒಲೆ ಜೋಡಿಸುವ ಕೂಲಿ. ಎರಡು ವರ್ಷ ಕಳೆದ ಮೇಲೆ ಮತ್ತೆ ದೊಡ್ಡ ಮನೆಗೆ ಸರದಿ. ಆ ಸರದಿ ವರ್ಷಗಟ್ಟಲೆ. ಹುಟ್ಟುಹಬ್ಬ ಒಂದೂವರೆ ವರ್ಷದೊಳಗಿದ್ದರೆ ಮನೆ ಬಿಡಬೇಡಿ ಎಂದೇ ಹೇಳುತ್ತೇನೆ.

ನಡುವಿನ ಅವಧಿಗೆ ಕೌನ್ಸಿಲ್ಲಿನ ಹೆಚ್ಚುವರಿ ವಸತಿ ನೆರವು ಕೇಳಬೇಕು. ಡಿಎಚ್‌ಪಿ ಎಂದು ಅದರ ಹೆಸರು. ಇಂಗ್ಲೆಂಡಿನಲ್ಲಿ 2026ರ ಏಪ್ರಿಲ್‌ನಿಂದ ಅದನ್ನು ಕೌನ್ಸಿಲ್‌ಗಳೇ ಹಂಚುವ ಕ್ರೈಸಿಸ್ ಅಂಡ್ ರೆಸಿಲಿಯನ್ಸ್ ಫಂಡ್ ಎಂಬ ನೆರವಿನ ನಿಧಿಯೊಳಗೆ ಸೇರಿಸಲಾಗಿದೆ. ಅರ್ಜಿಯಲ್ಲಿ "ಮಗಳಿಗೆ ಇಂಥ ದಿನ 10 ತುಂಬುತ್ತದೆ, ಅಲ್ಲಿಯವರೆಗೆ ತಿಂಗಳಿಗೆ 72.80 ಬೇಕು" ಎಂದು ಕೊನೆಯ ದಿನ ಸಮೇತ ಬರೆಯಿರಿ. ಮುಗಿಯುವ ದಿನ ಗೊತ್ತಿರುವ ಅರ್ಜಿಗೆ ಒಪ್ಪಿಗೆ ಸಿಗುವುದು ಸುಲಭ. ತಿಂಗಳ ಆದಾಯ-ಖರ್ಚಿನ ಪಟ್ಟಿ, ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆಗಿರಲಿ. ಸ್ಕಾಟ್ಲೆಂಡಿನಲ್ಲಿ ಈ ಕಡಿತವನ್ನು ಡಿಎಚ್‌ಪಿಯಿಂದಲೇ ತುಂಬಿಕೊಡುತ್ತಾರೆ.

ಮನೆ ಹಂಚುವ ನಿಯಮವೇ ಬೇರೆ, ನೆರವಿನ ನಿಯಮವೇ ಬೇರೆ. ಎರಡನ್ನೂ ಒಂದೆಂದು ತಿಳಿದು ಮೋಸಹೋಗುವವರು ಹಲವರು. ಹಂಚಿಕೆಗೆ ಅನೇಕ ಕೌನ್ಸಿಲ್‌ಗಳು ಹಿಡಿಯುವ ಅಳತೆಯಲ್ಲಿ ಸ್ವಂತ ಕೋಣೆ ಸಲ್ಲುವುದು 21ಕ್ಕೆ. 17 ಮತ್ತು 14ರ ಅಣ್ಣ-ತಮ್ಮಂದಿರಿಗೆ ನೆರವಿನಲ್ಲಿ ಎರಡು ಕೋಣೆ, ಹಂಚಿಕೆಯಲ್ಲಿ ಒಂದೇ. ಮನೆಗೆ ಸಹಿ ಹಾಕುವ ಮೊದಲು ಎರಡೂ ಲೆಕ್ಕ ಮಾಡಿ.

ಅಂಗವೈಕಲ್ಯವಿರುವ ಮಗುವಿನ ವಿಷಯಕ್ಕೆ ಬರೋಣ. 2013ರ ಡಿಸೆಂಬರ್‌ನಿಂದ ಇಂಥ ಮಗುವಿಗೆ ಪ್ರತ್ಯೇಕ ಕೋಣೆ ಸಲ್ಲುತ್ತದೆ, ಆದರೆ ಎರಡು ಷರತ್ತು. ಡಿಎಲ್‌ಎ ಎಂಬ ಅಂಗವೈಕಲ್ಯ ಭತ್ಯೆಯ ಆರೈಕೆ ಭಾಗ ಮಧ್ಯಮ ಅಥವಾ ಮೇಲಿನ ದರದಲ್ಲಿ ಬರುತ್ತಿರಬೇಕು, ಮತ್ತು ಕಾಯಿಲೆಯ ಕಾರಣಕ್ಕೆ ಇನ್ನೊಂದು ಮಗುವಿನ ಜೊತೆ ಮಲಗಲಾಗದು ಎಂದು ತೋರಿಸಬೇಕು. ಡಿಎಲ್‌ಎ ಪತ್ರವೊಂದನ್ನೇ ಕಳಿಸಿದ ಅರ್ಜಿಗಳು ಬಿದ್ದುಹೋಗುವುದು ಎರಡನೆಯ ಷರತ್ತಿನಲ್ಲಿ. ಎರಡು ವಾರ ರಾತ್ರಿಯ ದಿನಚರಿ ಬರೆಸುತ್ತೇನೆ: ಎಷ್ಟು ಗಂಟೆಗೆ ಎದ್ದಿತು, ಎಷ್ಟು ಹೊತ್ತು ಕಿರುಚಿತು, ಫಿಟ್ಸ್ ಬಂತೇ, ಯಾವ ಯಂತ್ರ ಓಡುತ್ತಿತ್ತು, ಪಕ್ಕದ ಮಗು ಎದ್ದಿತೇ, ಪೆಟ್ಟಾಯಿತೇ. ಜಿಪಿಯ (ನಿಮ್ಮ ಕುಟುಂಬ ವೈದ್ಯರ) ಪತ್ರದಲ್ಲಿ ರೋಗದ ಹೆಸರಿನ ಜೊತೆ "ಹಂಚಿಕೊಂಡು ಮಲಗಿದರೆ ಹೀಗಾಗುತ್ತದೆ" ಎಂಬ ಒಂದು ಸಾಲು ಇರಲೇಬೇಕು. ನಿದ್ದೆಗೆಟ್ಟ ಇನ್ನೊಂದು ಮಗುವಿನ ಬಗ್ಗೆ ಶಾಲೆಯವರು ಬರೆದುಕೊಟ್ಟರೆ ತುಂಬ ಬಲ. ರಾತ್ರಿ ಆರೈಕೆಗೆ ಹೊರಗಿನವರು ನಿಯಮಿತವಾಗಿ ಬಂದು ಉಳಿಯುವುದಾದರೆ ಅವರಿಗೂ ಒಂದು ಕೋಣೆ ಕೇಳಬಹುದು. 2017ರ ಏಪ್ರಿಲ್‌ನಿಂದ ಇದು ಮಕ್ಕಳ ಆರೈಕೆಗೂ ಅನ್ವಯಿಸುತ್ತದೆ.

ಲೆಕ್ಕಕ್ಕೆ ಬರದವರು ಯಾರು? ಊರಿನಿಂದ ಆರು ತಿಂಗಳಿಗೆ ಬಂದ ಅಜ್ಜ-ಅಜ್ಜಿ ಬರುವುದಿಲ್ಲ, ಅವರದು ಭೇಟಿ. ಬೇರೆಯಾದ ತಂದೆ-ತಾಯಿಯ ನಡುವೆ ಓಡಾಡುವ ಮಗು ಒಂದೇ ಮನೆಯ ಲೆಕ್ಕಕ್ಕೆ, ಮುಖ್ಯ ಹೊಣೆ ಹೊತ್ತವರ ಕಡೆಗೆ. ವಾರಾಂತ್ಯಕ್ಕೆ ಮಗು ಬರುವ ತಂದೆಗೆ ಆ ಕೋಣೆ 'ಹೆಚ್ಚುವರಿ'. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ, ಆದರೆ ನಿಯಮ ಹಾಗಿದೆ. ಯೂನಿವರ್ಸಲ್ ಕ್ರೆಡಿಟ್‌ನಲ್ಲಿ, ನಿಮ್ಮ ಮನೆಯ ಒಂದು ಕೋಣೆಯನ್ನು ಬಾಡಿಗೆಗೆ ಪಡೆದ ಹೊರಗಿನವರೂ ಕೋಣೆಯ ಲೆಕ್ಕಕ್ಕಿಲ್ಲ. ಅವರು ಕೊಡುವ ಹಣವನ್ನು ಆದಾಯವೆಂದೂ ಹಿಡಿಯುವುದಿಲ್ಲ. ಹಾಗೆ ಇಟ್ಟುಕೊಳ್ಳಲು ಮನೆ ಮಾಲೀಕ ಸಂಸ್ಥೆಯ ಅನುಮತಿ ಮೊದಲು ಬೇಕು.

ಗೂಡಿನಂಥ ಪುಟ್ಟ ಕೋಣೆಯನ್ನೂ ಬೆಡ್‌ರೂಮ್ ಎಂದು ಬರೆದಿದ್ದರೆ ಟೇಪು ಹಿಡಿದು ಅಳೆಯಿರಿ. 1985ರ ವಸತಿ ಕಾಯ್ದೆಯಲ್ಲಿ ಮನೆಯೊಳಗೆ ಜನ ಕಿಕ್ಕಿರಿದಿದ್ದಾರೆಯೇ ಎಂದು ನೋಡುವ ಅಳತೆಯಲ್ಲಿ 70 ಚದರ ಅಡಿಗಿಂತ ಚಿಕ್ಕ ಕೋಣೆ ದೊಡ್ಡವರೊಬ್ಬರಿಗೂ ಸಾಲದು, 50ಕ್ಕಿಂತ ಚಿಕ್ಕದು ಲೆಕ್ಕಕ್ಕೇ ಇಲ್ಲ. ಆದರೆ ಅಳತೆಯೊಂದೇ ವಾದವನ್ನು ಗೆಲ್ಲಿಸುವುದಿಲ್ಲ. ಸಿಂಗಲ್ ಮಂಚ, ಬಟ್ಟೆಯ ಬೀರು ಹಿಡಿಯುತ್ತದೆಯೇ, ಬಾಗಿಲು ಪೂರ್ತಿ ತೆರೆಯುತ್ತದೆಯೇ, ಕಿಟಕಿ, ಗಾಳಿ, ದೀಪ ಇದೆಯೇ ಎಂದು ಫೋಟೋ ಸಹಿತ ತೋರಿಸಬೇಕು. ಸದ್ಯ ಸಾಮಾನು ತುಂಬಿದೆ ಎಂಬ ಕಾರಣ ನಿಲ್ಲುವುದಿಲ್ಲ.

ಮಗುವಿಗೆ 10 ಅಥವಾ 16 ತುಂಬಿದ ತಿಂಗಳ ಯೂನಿವರ್ಸಲ್ ಕ್ರೆಡಿಟ್ ಸ್ಟೇಟ್‌ಮೆಂಟನ್ನು ತೆರೆದು ನೋಡಿ. ಬದಲಾವಣೆ ಆ ತಿಂಗಳ ಲೆಕ್ಕದ ಅವಧಿಯ ಮೊದಲ ದಿನದಿಂದಲೇ ಸಲ್ಲಬೇಕು. ಕಡಿತ ಇನ್ನೂ ಇದ್ದರೆ ನಿಮ್ಮ ಯೂನಿವರ್ಸಲ್ ಕ್ರೆಡಿಟ್ ಖಾತೆಯ ಆನ್‌ಲೈನ್ ಜರ್ನಲ್‌ನಲ್ಲಿ ಬರೆಯಿರಿ, ಒಂದು ತಿಂಗಳೊಳಗೆ ಮ್ಯಾಂಡೇಟರಿ ರೀಕನ್ಸಿಡರೇಷನ್ (ನಿರ್ಧಾರದ ಮರುಪರಿಶೀಲನೆ) ಕೇಳಿ. ನಿರ್ಧಾರದ ದಿನಾಂಕ, ಯಾವ ಮಗು, ಎಷ್ಟು ವಯಸ್ಸು, ಎಷ್ಟು ಕೋಣೆ ಸಲ್ಲಬೇಕು ಎಂಬ ನಾಲ್ಕು ಸಾಲು ಸಾಕು. ಒಪ್ಪದಿದ್ದರೆ ಉತ್ತರ ಬಂದ ಒಂದು ತಿಂಗಳೊಳಗೆ ಟ್ರಿಬ್ಯೂನಲ್‌ಗೆ (ಇಂಥ ತಕರಾರು ಕೇಳುವ ನ್ಯಾಯಮಂಡಳಿಗೆ) ಮೇಲ್ಮನವಿ, ಅದಕ್ಕೆ ಶುಲ್ಕವಿಲ್ಲ. ಅಷ್ಟರಲ್ಲಿ ಬಾಡಿಗೆ ಬಾಕಿ ಬೆಳೆಯದಂತೆ ಕಡಿತದ ಹಣದಲ್ಲಿ ಆದಷ್ಟನ್ನು ಕಟ್ಟುತ್ತಿರಿ. ಬಾಕಿ ಇದ್ದರೆ ಮುಂದೆ ಇನ್ನೊಬ್ಬ ಬಾಡಿಗೆದಾರರ ಜೊತೆ ಮನೆ ಅದಲುಬದಲಿಗೆ ಅನುಮತಿ ಸಿಗುವುದು ಕಷ್ಟ.