ಒಂದೇ ಫಿಲ್ಲರ್ ಮುಖಕ್ಕೆಲ್ಲ ಆಗೋದಿಲ್ಲ: ಎಲ್ಲಿಗೆ ಯಾವ ಜೆಲ್?

ಗಾಜಿನ ತುಂಡೊಂದರ ಮೇಲೆ ಎರಡು ಬೇರೆ ಬೇರೆ ಸಿರಿಂಜ್‌ಗಳಿಂದ ಒಂದೊಂದು ಹನಿ ಫಿಲ್ಲರ್, ಅಂದರೆ ಮುಖದ ಗುಳಿ ತುಂಬಿಸಲು ಚರ್ಮದಡಿ ಚುಚ್ಚುವ ಜೆಲ್, ಹಿಂಡಿದಿರಿ ಎಂದುಕೊಳ್ಳಿ. ಎರಡೂ ಹೈಲುರಾನಿಕ್ ಆಸಿಡ್‌ನ ಜೆಲ್. ಎರಡೂ ನೀರಿನಷ್ಟೇ ತಿಳಿ. ಆದರೆ ಒಂದು ಗುಡ್ಡೆಯ ಹಾಗೆ ಎದ್ದು ನಿಲ್ಲುತ್ತದೆ. ಇನ್ನೊಂದು ಮೆಲ್ಲಗೆ ಹರಡಿ ಚಪ್ಪಟೆಯಾಗುತ್ತದೆ. ಬೆರಳಿಂದ ಒತ್ತಿದರೆ ಮೊದಲನೆಯದು ಪುಟಿದು ತನ್ನ ಆಕಾರಕ್ಕೆ ವಾಪಸ್ ಬರುತ್ತದೆ. ಎರಡನೆಯದು ಬೆರಳು ಹೋದ ಕಡೆಗೆ ಹೋಗುತ್ತದೆ.

ಮೊದಲನೆಯದನ್ನು ಕಣ್ಣಿನ ಕೆಳಗೆ ಹಾಕಿದರೆ ಗಂಟು ಕಾಣುತ್ತದೆ. ಎರಡನೆಯದನ್ನು ಗದ್ದಕ್ಕೆ ಹಾಕಿದರೆ ಹಾಕಿದ್ದೇ ಗೊತ್ತಾಗೋದಿಲ್ಲ. ಫಿಲ್ಲರ್ ಆಯ್ಕೆಯ ಗುಟ್ಟೆಲ್ಲ ಇಷ್ಟರಲ್ಲೇ ಇದೆ. ಆದರೂ ಕ್ಲಿನಿಕ್‌ಗೆ ಹೋದವರಲ್ಲಿ ಹೆಚ್ಚಿನವರು ಕೇಳುವುದು "ಯಾವ ಬ್ರ್ಯಾಂಡ್ ಒಳ್ಳೇದು?" ಎಂದು. ಕೇಳಬೇಕಾದದ್ದು "ಈ ಜಾಗಕ್ಕೆ ಯಾವುದು?" ಎಂದು.

ಸೂಜಿ ಹಿಡಿಯುವವರು ಡಾಕ್ಟರೇ, ಆಯ್ಕೆಯೂ ಅವರದೇ. ಆದರೆ ಮುಖ ನಿಮ್ಮದಲ್ವಾ? ಅವರು ಏನು ಆರಿಸುತ್ತಿದ್ದಾರೆ, ಯಾಕೆ ಆರಿಸುತ್ತಿದ್ದಾರೆ ಎಂದು ಅರ್ಥವಾಗುವಷ್ಟಾದರೂ ತಿಳಿದುಕೊಂಡು ಹೋಗಿ.

ಮೊದಲು ಕನ್ನಡಿ

ನಿಮ್ಮ ಸಮಸ್ಯೆ ಫಿಲ್ಲರ್‌ನದ್ದು ಹೌದೋ ಅಲ್ಲವೋ ಎಂಬುದು ಮೊದಲ ಹೆಜ್ಜೆ. ಕಿಟಕಿಯ ಬೆಳಕಿನಲ್ಲಿ ಕನ್ನಡಿ ಹಿಡಿದು ಕೂತುಕೊಳ್ಳಿ. ಮುಖ ಸುಮ್ನೆ ಇಟ್ಟುಕೊಂಡು ಒಮ್ಮೆ ನೋಡಿ. ಆಮೇಲೆ ನಗಿ, ಹುಬ್ಬು ಗಂಟಿಕ್ಕಿ, ತುಟಿ ಚೂಪು ಮಾಡಿ.

ಹುಬ್ಬು ಗಂಟಿಕ್ಕಿದಾಗ ಮಾತ್ರ ಏಳುವ ಗೆರೆ ಸ್ನಾಯುವಿನದ್ದು. ಅದಕ್ಕೆ ಸಾಮಾನ್ಯವಾಗಿ ಬಳಸುವುದು ಸ್ನಾಯುವನ್ನು ಸಡಿಲಿಸುವ ಬೊಟುಲಿನಮ್ ಟಾಕ್ಸಿನ್ ಚುಚ್ಚುಮದ್ದು, ಫಿಲ್ಲರ್ ಅಲ್ಲ. ಮುಖ ಸುಮ್ಮನಿದ್ದಾಗಲೂ ಕಾಣುವ ಗುಳಿ, ಇಳಿದ ಕೆನ್ನೆ, ಒಳಕ್ಕೆ ಹೋದ ಗದ್ದ, ಇವು ತುಂಬಿಸಬೇಕಾದ ಜಾಗಗಳು. ಚರ್ಮವೇ ಕಪ್ಪಾಗಿದ್ದರೆ, ಒರಟಾಗಿದ್ದರೆ ಅಥವಾ ತುಂಬಾ ಜೋತು ಬಿದ್ದಿದ್ದರೆ ಎಷ್ಟು ಜೆಲ್ ಹಾಕಿದರೂ ಅದು ಹೋಗುವುದಿಲ್ಲ. ಜೋತು ಬಿದ್ದ ಚರ್ಮವನ್ನು ಫಿಲ್ಲರ್‌ನಿಂದಲೇ ಎತ್ತಲು ಹೊರಟವರ ಮುಖ ಕಡೆಗೆ ಊದಿದ ಹಾಗೆ ಕಾಣುವುದು ಇದೇ ಕಾರಣಕ್ಕೆ.

ಜೆಲ್‌ನ ಗುಣ ಹೇಗೆ ಬರುತ್ತದೆ?

ಹೈಲುರಾನಿಕ್ ಆಸಿಡ್ ಹೊರಗಿನ ವಸ್ತುವೇನಲ್ಲ. ನಮ್ಮ ಚರ್ಮದಲ್ಲಿ, ಕೀಲುಗಳಲ್ಲಿ, ಕಣ್ಣಿನಲ್ಲಿ ಅದು ಇದ್ದೇ ಇದೆ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಇದನ್ನು ಮೊದಲು ಬೇರ್ಪಡಿಸಿದ್ದು ಹಸುವಿನ ಕಣ್ಣಿನೊಳಗಿನ ಲೋಳೆಯಿಂದ. ದೇಹ ಇದನ್ನು ದಿನವೂ ಒಡೆಯುತ್ತದೆ, ದಿನವೂ ಹೊಸದು ಮಾಡುತ್ತದೆ. ಹಾಗಾಗಿ ಬರೀ ಹೈಲುರಾನಿಕ್ ಆಸಿಡ್ ಚುಚ್ಚಿದರೆ ಕೆಲವೇ ದಿನಗಳಲ್ಲಿ ಕರಗಿ ಹೋಗುತ್ತದೆ.

ಅದು ತಿಂಗಳುಗಟ್ಟಲೆ ಉಳಿಯಲಿ ಎಂದು ಅದರ ಉದ್ದುದ್ದ ಎಳೆಗಳನ್ನು ಒಂದಕ್ಕೊಂದು ಗಂಟು ಹಾಕುತ್ತಾರೆ. ಇದಕ್ಕೆ ಕ್ರಾಸ್‌ಲಿಂಕಿಂಗ್ ಎನ್ನುತ್ತಾರೆ. ಹೆಚ್ಚಿನ ಕಂಪನಿಗಳು ಗಂಟು ಹಾಕಲು ಬಳಸುವ ರಾಸಾಯನಿಕದ ಹೆಸರು ಬಿಡಿಡಿಇ. ಎಷ್ಟು ಗಂಟು, ಎಂಥ ಗಂಟು, ಎಳೆಗಳು ಎಷ್ಟು ಉದ್ದ ಎನ್ನುವುದರ ಮೇಲೆ ಜೆಲ್ ಗಟ್ಟಿಯೋ ಮೆತ್ತಗೋ ಎಂದು ತೀರ್ಮಾನವಾಗುತ್ತದೆ.

ಡಾಕ್ಟರುಗಳ ಬಾಯಲ್ಲಿ "ಜೀ ಪ್ರೈಮ್" ಎಂಬ ಮಾತು ಆಗಾಗ ಬರುತ್ತದೆ. ಒತ್ತಿದಾಗ ಜೆಲ್ ಎಷ್ಟು ಎದುರು ನಿಲ್ಲುತ್ತದೆ ಎಂಬುದರ ಅಳತೆ ಅದು. ಜೀ ಪ್ರೈಮ್ ಜಾಸ್ತಿ ಇದ್ದರೆ ಜೆಲ್ ಗಟ್ಟಿ, ಮೇಲಿನ ಚರ್ಮವನ್ನು ಎತ್ತಿ ಹಿಡಿಯುತ್ತದೆ. ಕಮ್ಮಿ ಇದ್ದರೆ ಮೆತ್ತಗೆ, ಮುಖದ ಜೊತೆ ಅಲುಗಾಡುತ್ತದೆ. ಇನ್ನೊಂದು ಗುಣ ಕೊಹೆಸಿವಿಟಿ, ಅಂದರೆ ಜೆಲ್ ಚೂರುಚೂರಾಗದೆ ಒಟ್ಟಿಗೆ ಅಂಟಿಕೊಂಡಿರುವುದು. ಮೂರನೆಯದು ನೀರು ಹೀರುವ ಚಟ. ಇದು ಜಾಸ್ತಿ ಇರುವ ಜೆಲ್ ಹಾಕಿದ ಮೇಲೆ ಇನ್ನೂ ಊದಿಕೊಳ್ಳುತ್ತದೆ.

ಡಬ್ಬಿಯ ಮೇಲೆ ಬರೆದಿರುವ ಮಿಲಿಗ್ರಾಂ ನೋಡಿ ಮೋಸ ಹೋಗಬೇಡಿ. ಜುವಿಡರ್ಮ್ ಎಂಬ ಬ್ರ್ಯಾಂಡಿನ ಅಲ್ಟ್ರಾದಲ್ಲಿ ಮಿ.ಲೀ.ಗೆ 24 ಮಿ.ಗ್ರಾಂ ಹೈಲುರಾನಿಕ್ ಆಸಿಡ್ ಇದೆ, ಅದೇ ಬ್ರ್ಯಾಂಡಿನ ವಾಲ್ಯೂಮಾದಲ್ಲಿ 20. ಆದರೂ ಗಟ್ಟಿ ವಾಲ್ಯೂಮಾವೇ. ರೆಸ್ಟಿಲೇನ್ ಎಂಬ ಇನ್ನೊಂದು ಬ್ರ್ಯಾಂಡ್ ಮನೆತನದ ಲಿಫ್ಟ್, ಡಿಫೈನ್, ರಿಫೈನ್, ಕಿಸ್ ಎಲ್ಲವೂ 20 ಮಿ.ಗ್ರಾಂ.ನವೇ. ಅಂಕಿ ಒಂದೇ, ಗುಣ ಮಾತ್ರ ಬೇರೆ ಬೇರೆ.

ಇನ್ನು ಜಾಗಕ್ಕೆ ಬರೋಣ. ಪ್ರತಿ ಜಾಗಕ್ಕೂ ಮೂರೇ ಪ್ರಶ್ನೆ: ಅಲ್ಲಿನ ಚರ್ಮ ಎಷ್ಟು ದಪ್ಪ? ಆ ಜಾಗ ಎಷ್ಟು ಅಲುಗಾಡುತ್ತದೆ? ಜೆಲ್ ಎಷ್ಟು ಆಳಕ್ಕೆ ಹೋಗಬೇಕು?

ಕೆನ್ನೆ, ಗದ್ದ, ದವಡೆ: ಇಲ್ಲಿ ಗಟ್ಟಿಯದ್ದೇ ಬೇಕು

ಕೆನ್ನೆಯ ಮೂಳೆಯ ಮೇಲೆ ಜೆಲ್ ಆಳಕ್ಕೆ, ಮೂಳೆಗೆ ಅಂಟಿದ ಹಾಗೆ ಕೂರುತ್ತದೆ. ಮೇಲಿರುವ ಕೊಬ್ಬು, ಚರ್ಮ ಎಲ್ಲವನ್ನೂ ಅದು ಹೊತ್ತುಕೊಳ್ಳಬೇಕು. ಹಾಗಾಗಿ ವಾಲ್ಯೂಮಾ, ರೆಸ್ಟಿಲೇನ್ ಲಿಫ್ಟ್ ಥರದ ಎತ್ತುವ ಜೆಲ್ ಇಲ್ಲಿಗೆ ಸರಿ. ಕೆನ್ನೆಯ ತುಂಬುವಿಕೆಗೆಂದೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ವಾಲ್ಯೂಮಾಗೆ ಒಪ್ಪಿಗೆ ಕೊಟ್ಟದ್ದು 2013ರಲ್ಲಿ.

ಗದ್ದ ಮತ್ತು ದವಡೆಗೆ ಇನ್ನೂ ಗಟ್ಟಿಯದನ್ನು ಆರಿಸುವವರಿದ್ದಾರೆ. ಮಿ.ಲೀ.ಗೆ 25 ಮಿ.ಗ್ರಾಂ ಇರುವ ವಾಲಕ್ಸ್ ತಯಾರಾದದ್ದೇ ಈ ಕೆಲಸಕ್ಕೆ. ಗದ್ದ ಮಾತಿನ ಜೊತೆ ಅಲುಗಾಡುತ್ತದೆ ಎಂದು ಗಟ್ಟಿಯಾಗಿದ್ದೂ ಬಾಗುವ ಡಿಫೈನ್ ಹಾಕುವುದೂ ಉಂಟು. ಕೆನ್ನೆಯಲ್ಲಿ ಹಾಕಿದ್ದು ಒಂದರಿಂದ ಎರಡು ವರ್ಷ ಉಳಿಯಬಹುದು. ಅಲುಗಾಟ ಕಮ್ಮಿ, ಆಳವೂ ಜಾಸ್ತಿ ಇರುವುದರಿಂದ.

ಕಣತಲೆಯ ಗುಳಿಯೂ ಇದೇ ಗುಂಪಿಗೆ ಸೇರುತ್ತದೆ. ಆದರೆ ಅಲ್ಲಿ ದೊಡ್ಡ ರಕ್ತನಾಳ ಹಾದು ಹೋಗುತ್ತದೆ, ಕೈ ಪಳಗಿದವರೇ ಮಾಡಬೇಕು.

ಮೂಗಿನ ಪಕ್ಕದ ಗೆರೆ

ಮೂಗಿನ ಬದಿಯಿಂದ ಬಾಯಿಯ ಮೂಲೆಗೆ ಇಳಿಯುವ ಗೆರೆಯೇ ಹೆಚ್ಚಿನವರ ದೂರು. 2003ರ ಡಿಸೆಂಬರ್‌ನಲ್ಲಿ ಎಫ್‌ಡಿಎ ಒಪ್ಪಿದ ಮೊದಲ ಹೈಲುರಾನಿಕ್ ಫಿಲ್ಲರ್ ರೆಸ್ಟಿಲೇನ್ ಬಂದದ್ದೂ ಈ ಗೆರೆಗಾಗಿಯೇ. ನಕ್ಕಾಗ, ತಿಂದಾಗ, ಮಾತಾಡಿದಾಗ ಈ ಜಾಗ ದಿನಕ್ಕೆ ಸಾವಿರ ಸಲ ಮಡಚುತ್ತದೆ. ಆದ್ದರಿಂದ ಮಧ್ಯಮ ಗಟ್ಟಿಯ, ಎಳೆದರೆ ಹಿಗ್ಗುವ ಜೆಲ್ ಬೇಕು: ವಾಲಿಫ್ಟ್, ರಿಫೈನ್, ಆರ್‌ಎಚ್‌ಎ ಸಾಲಿನವು.

ಆದರೆ ಒಂದು ಮಾತು. ಗೆರೆ ಆಳವಾಗಿರುವುದು ಕೆನ್ನೆ ಇಳಿದದ್ದರಿಂದಲೂ ಇರಬಹುದು. ಕನ್ನಡಿ ಮುಂದೆ ಕೆನ್ನೆಯನ್ನು ಎರಡು ಬೆರಳಿನಿಂದ ಕಿವಿಯ ಕಡೆಗೆ ಸ್ವಲ್ಪ ಮೇಲೆತ್ತಿ. ಗೆರೆ ಅರ್ಧ ಮಾಯವಾಯಿತಾ? ಹಾಗಾದರೆ ಮೊದಲು ಕೆನ್ನೆಯ ವಿಷಯ ಮಾತಾಡಿ, ಗೆರೆ ಆಮೇಲೆ. ಗೆರೆಯನ್ನೇ ತುಂಬಿಸುತ್ತಾ ಹೋದರೆ ಬಾಯಿಯ ಸುತ್ತ ಭಾರ ಕಾಣುತ್ತದೆ.

ತುಟಿ

ತುಟಿಗೆ ಮೆತ್ತನೆಯದೇ ಸರಿ. ವಾಲ್ಬೆಲ್ಲಾ, ಕಿಸ್ ಇಂಥವು. ಗಟ್ಟಿ ಜೆಲ್ ಹಾಕಿದರೆ ನಗುವಾಗ ಸಾಸೇಜ್ ಇಟ್ಟ ಹಾಗೆ ಕಾಣುತ್ತದೆ, ನಾಲಿಗೆಗೂ ಗಂಟು ಸಿಗುತ್ತದೆ. ನೀರು ಜಾಸ್ತಿ ಹೀರುವ ಜೆಲ್ ಹಾಕಿದರೆ ತುಟಿ ನೀವು ಕೇಳಿದ್ದಕ್ಕಿಂತ ಒಂದು ಸುತ್ತು ದಪ್ಪವಾಗುತ್ತದೆ. ಒಂದೇ ಸಲ ಪೂರ್ತಿ ತುಂಬಿಸುವುದಕ್ಕಿಂತ ಅರ್ಧ ಮಿ.ಲೀ. ಹಾಕಿಸಿ, ಎರಡು ವಾರ ಬಿಟ್ಟು ನೋಡುವುದು ಜಾಣತನ. 1 ಮಿ.ಲೀ. ಎಂದರೆ ಟೀ ಚಮಚದ ಐದರಲ್ಲಿ ಒಂದು ಭಾಗ, ಕೇಳಲು ಏನೂ ಅಲ್ಲ. ತುಟಿಯಲ್ಲಿ ಅದು ತುಂಬಾ ದೊಡ್ಡದು. ಸದಾ ಅಲುಗಾಡುವ ಜಾಗವಾದ್ದರಿಂದ ಆರು ತಿಂಗಳಿಂದ ಒಂದು ವರ್ಷದೊಳಗೆ ಕರಗುತ್ತದೆ. ತುಟಿಗೆ ಪದೇ ಪದೇ ಜ್ವರಗುಳ್ಳೆ ಏಳುವವರು ಮೊದಲೇ ಹೇಳಿ. ಸೂಜಿ ತಾಗಿದ ಮೇಲೆ ಅದು ಮತ್ತೆ ಏಳಬಹುದು, ಮುಂಚೆಯೇ ಮಾತ್ರೆ ಕೊಡುತ್ತಾರೆ.

ಕಣ್ಣಿನ ಕೆಳಗೆ ನಿಧಾನ

ಸುಲಭವಾಗಿ ಎಡವಟ್ಟಾಗುವ ಜಾಗ ಇದು. ಟಿಯರ್ ಟ್ರಫ್ ಎಂದು ಕರೆಯುವ ಈ ಗುಳಿಯ ಮೇಲಿನ ಚರ್ಮ ಮುಖದಲ್ಲೇ ಅತಿ ತೆಳು. ಜೆಲ್ ಸ್ವಲ್ಪ ಮೇಲಕ್ಕೆ ಕೂತರೂ ನೀಲಿ ಛಾಯೆ ಕಾಣುತ್ತದೆ. ಚರ್ಮದಡಿಯ ತಿಳಿ ಜೆಲ್ ಬೆಳಕಿನ ನೀಲಿಯನ್ನು ಚದುರಿಸುವುದರಿಂದ ಹೀಗಾಗುತ್ತದೆ, ಇದಕ್ಕೆ ಟಿಂಡಲ್ ಪರಿಣಾಮ ಎನ್ನುತ್ತಾರೆ. ನೀರು ಹೀರುವ ಜೆಲ್ ಹಾಕಿದರೆ ಬೆಳಿಗ್ಗೆ ಎದ್ದಾಗ ಕಣ್ಣಿನಡಿ ಚೀಲ ಕಟ್ಟಿದ ಹಾಗಿರುತ್ತದೆ. ಕಪ್ಪು ಹೋಗಲಿ ಎಂದು ಬಂದವರಿಗೆ ನೀಲಿ ಬಂದರೆ ಹೇಗಾಗಬೇಡ!

ಹಾಗಾಗಿ ಇಲ್ಲಿ ಮೆತ್ತನೆಯ, ನೀರು ಕಮ್ಮಿ ಹೀರುವ ಜೆಲ್ಲನ್ನು, ಒಂದು ಬದಿಗೆ ಅರ್ಧ ಮಿ.ಲೀ.ಗಿಂತಲೂ ಕಮ್ಮಿ, ಆಳಕ್ಕೆ ಹಾಕುತ್ತಾರೆ. ವಾಲ್ಬೆಲ್ಲಾಗೆ ಈ ಜಾಗಕ್ಕೆ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ.

ಹೋಗುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಕನ್ನಡಿಯ ಮುಂದೆ ಟಾರ್ಚನ್ನು ತಲೆಯ ಮೇಲಿಂದ ಬಿಡಿ, ಕಣ್ಣಿನಡಿ ಕಪ್ಪು ಕಾಣುತ್ತದೆ. ಈಗ ಟಾರ್ಚನ್ನು ಮುಖದ ಎದುರಿಗೆ ತನ್ನಿ, ಕಣ್ಣಿಗೆ ನೇರ ಬೀಳದ ಹಾಗೆ. ಕಪ್ಪು ಮಾಯವಾದರೆ ಅದು ಗುಳಿಯ ನೆರಳು, ಫಿಲ್ಲರ್‌ನಿಂದ ಪ್ರಯೋಜನ ಆಗಬಹುದು. ಎದುರು ಬೆಳಕಿನಲ್ಲೂ ಕಪ್ಪು ಹಾಗೇ ಇದ್ದರೆ ಅದು ಚರ್ಮದ ಬಣ್ಣ ಅಥವಾ ಒಳಗಿನ ರಕ್ತನಾಳದ ಛಾಯೆ. ಗುಳಿ ಅಲ್ಲದೆ ಚೀಲವೇ ಉಬ್ಬಿದ್ದರೆ ಫಿಲ್ಲರ್ ಅದನ್ನು ಇನ್ನಷ್ಟು ಎತ್ತಿ ತೋರಿಸುತ್ತದೆ. ಕೆನ್ನೆಗೆ ಮೊದಲು ಹಾಕಿ, ಕಣ್ಣಿನ ಕೆಳಗೆ ಬೇಕೋ ಬೇಡವೋ ಆಮೇಲೆ ನೋಡೋಣ ಎನ್ನುವ ಡಾಕ್ಟರ್ ಸಿಕ್ಕರೆ ನನಗೆ ಅರ್ಧ ನಂಬಿಕೆ ಅಲ್ಲೇ ಬಂದುಬಿಡುತ್ತದೆ.

ಸಣ್ಣ ಸಣ್ಣ ಗೆರೆಗಳಿಗೆ, ಉದಾಹರಣೆಗೆ ಮೇಲ್ತುಟಿಯ ಮೇಲೆ ನಿಂತಿರುವ ಗೆರೆಗಳಿಗೆ, ಚರ್ಮದೊಳಗೇ ಹಾಕಬಹುದಾದ ತೆಳು ಜೆಲ್‌ಗಳಿವೆ. ಬೆಲೋಟೆರೊ ಬ್ಯಾಲೆನ್ಸ್ ಅಂಥದ್ದು. ಅದು ಚರ್ಮದಲ್ಲಿ ಸಮನಾಗಿ ಹರಡಿಕೊಳ್ಳುವುದರಿಂದ ನೀಲಿ ಕಾಣುವುದು ಕಮ್ಮಿ.

ಮೂಗು, ಹುಬ್ಬಿನ ನಡುವೆ

ಇಲ್ಲಿ ಯಾವ ಜೆಲ್ ಎಂಬುದಕ್ಕಿಂತ ಬೇಕಾ ಎಂಬುದೇ ದೊಡ್ಡ ಪ್ರಶ್ನೆ. ಇಲ್ಲಿನ ರಕ್ತನಾಳಗಳು ಕಣ್ಣಿಗೆ ರಕ್ತ ಕೊಡುವ ನಾಳದ ಜೊತೆ ಸೇರಿಕೊಂಡಿವೆ. ಜೆಲ್ ತಪ್ಪಿ ನಾಳದೊಳಗೆ ಹೋಗಿ, ಹಿಂದಕ್ಕೆ ತಳ್ಳಿಕೊಂಡು ಹೋದರೆ ಕಣ್ಣು ಶಾಶ್ವತವಾಗಿ ಹೋಗಬಹುದು. ಅಪರೂಪ ನಿಜ, ಆದರೆ ಆದ ಮೇಲೆ ಸರಿಮಾಡುವುದು ತುಂಬಾ ಕಷ್ಟ. ನಾನಾಗಿದ್ದರೆ ಈ ಎರಡು ಜಾಗ ಬಿಟ್ಟುಬಿಡುತ್ತಿದ್ದೆ.

ಕುರ್ಚಿಯಲ್ಲಿ ಕೂರುವ ಮೊದಲು

ಹೈಲುರಾನಿಕ್ ಫಿಲ್ಲರ್‌ನ ದೊಡ್ಡ ಅನುಕೂಲ, ಬೇಡವೆಂದರೆ ಕರಗಿಸಬಹುದು. ಕರಗಿಸುವ ಕಿಣ್ವದ ಹೆಸರು ಹೈಲುರಾನಿಡೇಸ್. ಅದು ಕ್ಲಿನಿಕ್‌ನಲ್ಲಿ ಈಗ, ಈ ಹೊತ್ತಿಗೆ ಇದೆಯಾ ಎಂದು ಕೇಳಿ. "ಬೇಕಾದರೆ ತರಿಸುತ್ತೇವೆ" ಎಂಬ ಉತ್ತರ ಬಂದರೆ ಎದ್ದು ಬನ್ನಿ. ರಕ್ತನಾಳ ಕಟ್ಟಿಕೊಂಡರೆ ತರಿಸುವಷ್ಟು ಸಮಯ ಇರುವುದಿಲ್ಲ. ಜೇನು ಕಡಿದರೆ ಮೈಯೆಲ್ಲ ಊದುವ ಅಲರ್ಜಿ ಇದ್ದರೆ ಅದನ್ನೂ ಹೇಳಿ. ಜೇನಿನ ವಿಷದಲ್ಲೂ ಇದೇ ಜಾತಿಯ ಕಿಣ್ವ ಇದೆ.

ಡಬ್ಬಿಯನ್ನು ನಿಮ್ಮ ಕಣ್ಣೆದುರಿಗೇ ಒಡೆಯಲಿ. ಒಳಗೆ ಬ್ಯಾಚ್ ನಂಬರ್ ಇರುವ ಚೀಟಿ ಬರುತ್ತದೆ, ಒಂದು ನನಗೆ ಕೊಡಿ ಎನ್ನಿ. ಜೆಲ್‌ನಲ್ಲಿ ಸಾಮಾನ್ಯವಾಗಿ ಮರಗಟ್ಟಿಸುವ ಲಿಡೋಕೇನ್ ಇರುತ್ತದೆ, ಅದು ಒಗ್ಗದವರು ಬಾಯಿ ಬಿಟ್ಟು ಹೇಳಬೇಕು. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಿಗೆ ನೀಲಿಗಟ್ಟುವುದು ಜಾಸ್ತಿ. ಆದರೆ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರನ್ನು ಕೇಳಿ. ಬಸುರಿಯರು, ಹಾಲೂಡಿಸುವವರು, ಮುಖದಲ್ಲಿ ಕೀವಿನ ಮೊಡವೆ ಅಥವಾ ಸೋಂಕು ಇರುವವರು ಮುಂದೂಡುವುದೇ ಒಳ್ಳೇದು. ಹಲ್ಲಿನ ಚಿಕಿತ್ಸೆಗೂ ಫಿಲ್ಲರ್‌ಗೂ ನಡುವೆ ಒಂದೆರಡು ವಾರ ಇರಲಿ. ಸೂಜಿಯೇ ಇಲ್ಲದ "ಹೈಲುರಾನ್ ಪೆನ್" ಎಂದು ಮಾರುತ್ತಾರಲ್ಲ, ಅದರ ಸುದ್ದಿಗೇ ಹೋಗಬೇಡಿ. 2021ರಲ್ಲಿ ಎಫ್‌ಡಿಎ ಎಚ್ಚರಿಕೆ ಕೊಟ್ಟದ್ದು ಅಂಥ ಸಾಧನಗಳ ಬಗ್ಗೆಯೇ.

ಮುಗಿದ ಮೇಲೆ

ಊತ, ಸ್ವಲ್ಪ ನೀಲಿ, ಮುಟ್ಟಿದರೆ ನೋವು, ಇವೆಲ್ಲ ಮಾಮೂಲು. ತುಟಿಯ ಊತ ಮೊದಲ ಎರಡು ದಿನ ಜಾಸ್ತಿ ಇರುತ್ತದೆ. ಕನ್ನಡಿ ನೋಡಿ ಗಾಬರಿಯಾಗಬೇಡಿ, ಎರಡು ವಾರದ ಮೊದಲು ಚೆನ್ನಾಯಿತು, ಕೆಟ್ಟಿತು ಎಂದು ತೀರ್ಮಾನಿಸಲೂ ಬೇಡಿ.

ಗಾಬರಿಯಾಗಬೇಕಾದ್ದು ಬೇರೆ. ಉಗುರಿನ ಮೇಲೆ ಒತ್ತಿ ಬಿಡಿ: ಬೆಳ್ಳಗಾಗಿ, ಒಂದೆರಡು ಸೆಕೆಂಡಿನಲ್ಲಿ ಗುಲಾಬಿ ಬಣ್ಣ ವಾಪಸ್ ಬರುತ್ತದೆ. ಫಿಲ್ಲರ್ ಹಾಕಿದ ಜಾಗದ ಸುತ್ತಲೂ ಹಾಗೇ ಒತ್ತಿ ನೋಡಿ. ಮೈಬಣ್ಣ ಗಾಢವಾಗಿದ್ದರೆ ಮುಖದ ಎರಡೂ ಬದಿ ಒತ್ತಿ ಹೋಲಿಸಿ. ಬಣ್ಣ ತಡವಾಗಿ ಬಂದರೆ, ಚರ್ಮ ಬಿಳಚಿಕೊಂಡಿದ್ದರೆ, ಬಲೆಯ ಹಾಗೆ ನೇರಳೆ ಗೆರೆ ಮೂಡಿದರೆ ಅಥವಾ ನೋವು ಕಮ್ಮಿಯಾಗುವ ಬದಲು ಏರುತ್ತಿದ್ದರೆ ನಾಳೆ ನೋಡೋಣ ಎನ್ನಬೇಡಿ. ರಾತ್ರಿಯಾದರೂ ಫೋನ್ ಮಾಡಿ. ಕಣ್ಣು ಮಂಜಾದರೆ ಫೋನೂ ಬೇಡ, ನೇರ ತುರ್ತು ಚಿಕಿತ್ಸೆಗೆ ಹೋಗಿ. ಬ್ಯಾಚ್ ನಂಬರಿನ ಆ ಚೀಟಿ ಜೊತೆಗಿರಲಿ, ಮುಖದೊಳಗೆ ಯಾವ ಜೆಲ್ ಇದೆ ಎಂದು ಅಲ್ಲಿನವರು ಕೇಳುತ್ತಾರೆ.