ಟ್ರೈನರ್ ಹೋದ ಮೇಲೆ ಮನೆಯಲ್ಲಿ ಮಾಡಬೇಕಾದ್ದು

ಟ್ರೈನಿಂಗ್ ಮುಗಿಸಿಕೊಂಡು ಬಂದ ನಾಯಿ ಮೊದಮೊದಲು ಬಲು ಶಿಸ್ತು. ಆಮೇಲೆ ನಿಧಾನಕ್ಕೆ ಹಳೇ ಚಾಳಿ ಶುರುವಾಗುತ್ತದೆ. ಬೆಲ್ ಆದರೆ ಬಾಗಿಲಿಗೆ ನುಗ್ಗುವುದು, ಮೈಮೇಲೆ ಹಾರುವುದು, ಊಟದ ಹೊತ್ತಿಗೆ ಟೇಬಲ್ ಸುತ್ತ ಸುಳಿದಾಡುವುದು. "ಟ್ರೈನರ್ ಏನೂ ಕಲಿಸಿಲ್ಲ" ಅಂತ ಬೈಯುವ ಮುಂಚೆ ಒಂದು ವಿಷಯ ಗಮನಿಸಿ. ಕೋರ್ಸ್ ಮುಗಿಯಿತು ಅನ್ನುವುದು ನಾಯಿಗೆ ಗೊತ್ತೇ ಇಲ್ಲ. ಅದು ಬೆಳಗಿನಿಂದ ರಾತ್ರಿವರೆಗೆ ಕಲಿಯುತ್ತಲೇ ಇರುತ್ತದೆ. ಈ ಮನೆಯಲ್ಲಿ ಏನು ಮಾಡಿದರೆ ಏನು ಸಿಗುತ್ತದೆ ಅಂತ ಲೆಕ್ಕ ಹಾಕುತ್ತಿರುತ್ತದೆ. ನಮ್ಮ ನಾಯಿ ಬೂದಿಯ ಜೊತೆ ನಾನು ಮಾಡುವುದೆಲ್ಲ ಆ ಲೆಕ್ಕ ತಪ್ಪದಂತೆ ನೋಡಿಕೊಳ್ಳುವ ಕೆಲಸ, ಅಷ್ಟೇ.

ಮೊದಲು ಮಾತು. ಟ್ರೈನರ್ ಯಾವ ಪದ ಬಳಸುತ್ತಿದ್ದರು, ಜೊತೆಗೆ ಕೈಸನ್ನೆ ಏನು, ಸಾಕು ಇನ್ನು ಏಳು ಅನ್ನುವುದಕ್ಕೆ ಏನು ಹೇಳುತ್ತಿದ್ದರು, ಎಲ್ಲವನ್ನೂ ಕೇಳಿ ಬರೆದುಕೊಳ್ಳಿ. ನಮ್ಮ ಪಟ್ಟಿ ಫ್ರಿಜ್ ಬಾಗಿಲ ಮೇಲಿದೆ. ಹೆಚ್ಚು ಗೊಂದಲ ಮಾಡುವುದು 'ಡೌನ್'. ಅಮ್ಮ ಅದನ್ನು ಸೋಫಾದಿಂದ ಇಳಿಸಲು ಹೇಳುತ್ತಿದ್ದರು, ಮಗಳು ಮೈಮೇಲೆ ಹಾರಿದಾಗ ಹೇಳುತ್ತಿದ್ದಳು, ಟ್ರೈನರ್ ಕಲಿಸಿದ್ದು ಮಲಗು ಅಂತ. ನಾಯಿ ಏನು ತಾನೇ ಮಾಡಬೇಕು? ಈಗ ಮಲಗುವುದಕ್ಕೆ 'ಡೌನ್', ಇಳಿಯುವುದಕ್ಕೆ 'ಆಫ್' ಅಂತ ಮಾಡಿಕೊಂಡಿದ್ದೇವೆ. ಏಳಿಸುವುದಕ್ಕೆ 'ಓಕೆ' ಬೇಡ. ಫೋನಿನಲ್ಲಿ ನೀವು ಯಾರಿಗೋ ಓಕೆ ಅಂದರೂ ಅದು ಎದ್ದು ನಡೆದುಬಿಡುತ್ತದೆ. ಮತ್ತೆ, ಒಂದು ಸಲ ಹೇಳಿ, ಕಾಯಿರಿ. ಸಿಟ್, ಸಿಟ್, ಸಿಟ್ ಅನ್ನುತ್ತಿದ್ದರೆ ಮೂರನೇ ಸಲಕ್ಕೆ ಕೂತರೂ ನಡೆಯುತ್ತೆ ಅಂತ ನೀವೇ ಹೇಳಿಕೊಟ್ಟಂತೆ.

ಇನ್ನು ಜಾಗ. ಟ್ರೈನರ್ ಎದುರು ಮೈದಾನದಲ್ಲಿ ಕಲಿತ 'ಸ್ಟೇ' ಅಡುಗೆಮನೆಗೆ ತಾನಾಗಿ ಬರುವುದಿಲ್ಲ. ನಾಯಿಗೆ ಅದು ಬೇರೆ ನೆಲ, ಬೇರೆ ವಾಸನೆ, ಬೇರೆ ಮನುಷ್ಯ. ಆದ್ದರಿಂದ ಪ್ರತಿ ಕೋಣೆಯಲ್ಲೂ, ಮೆಟ್ಟಿಲ ಮೇಲೂ, ಗೇಟಿನ ಹತ್ತಿರವೂ ಸುಲಭದಿಂದ ಶುರು ಮಾಡಿ. ಎಷ್ಟು ಹೊತ್ತು, ಎಷ್ಟು ದೂರ, ಸುತ್ತ ಎಷ್ಟು ಗಲಾಟೆ, ಈ ಮೂರರಲ್ಲಿ ಒಂದನ್ನು ಏರಿಸಿದರೆ ಉಳಿದೆರಡನ್ನು ಇಳಿಸಿ. ಟಿವಿ ಹಾಕಿದ್ದೀರಾ? ಹಾಗಾದರೆ ದೂರ ಹೋಗಬೇಡಿ, ಪಕ್ಕದಲ್ಲೇ ನಿಂತು ಸ್ವಲ್ಪ ಹೊತ್ತು ಮಾತ್ರ ಕೂರಿಸಿ. ಒಂದು ಸಲಕ್ಕೆ ಮೂರರಿಂದ ಐದು ನಿಮಿಷ ಸಾಕು. ನಾನು ಹಾಲು ಕಾಯುವ ಹೊತ್ತಿನಲ್ಲಿ ಒಂದು ಸುತ್ತು ಮುಗಿಸುತ್ತೇನೆ.

ನಿಜವಾದ ಪರೀಕ್ಷೆ ಬಾಗಿಲಲ್ಲಿ. ಬೂದಿಗೆ ಜನ ಅಂದರೆ ಪ್ರಾಣ. ಬೆಲ್ ಆದಾಗ ಚಾಪೆ ಮೇಲೆ ಹೋಗಿ ಕೂರಬೇಕು ಅನ್ನುವುದು ಅವಳಿಗೆ ಚೆನ್ನಾಗಿ ಗೊತ್ತು. ಆದರೆ ಬರುವವರು ಇದ್ದಾರಲ್ಲ! "ಅಯ್ಯೋ ಪರವಾಗಿಲ್ಲ ಬಿಡಿ, ನನಗೆ ನಾಯಿ ಅಂದರೆ ಇಷ್ಟ" ಅನ್ನುತ್ತಾ ಹಾರುವ ನಾಯಿಯನ್ನೇ ಎರಡೂ ಕೈಯಲ್ಲಿ ಸವರುತ್ತಾರೆ. ಹತ್ತು ಜನರಲ್ಲಿ ಒಬ್ಬರು ಹೀಗೆ ಮಾಡಿದರೂ ಸಾಕು. ಯಾವಾಗಲೋ ಒಮ್ಮೆ ಫಲ ಕೊಡುವ ಅಭ್ಯಾಸವನ್ನು ಬಿಡಿಸುವುದೇ ಅತಿ ಕಷ್ಟ ಅಂತ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳ, ಇಲಿಗಳಲ್ಲೇ ತೋರಿಸಿಕೊಟ್ಟಿದ್ದರು. ಲಾಟರಿ ಕೊಳ್ಳುವವರು ಕೊಳ್ಳುತ್ತಲೇ ಇರುವುದೂ ಇದರಿಂದಲೇ ಅಲ್ವಾ?

ಹಾಗಾಗಿ ಬಂದವರಿಗೆ ಹೇಳಲು ಸಂಕೋಚ ಬೇಡ: ನಾಲ್ಕೂ ಕಾಲು ನೆಲದ ಮೇಲಿದ್ದರೆ ಮಾತ್ರ ಮುಟ್ಟಿ, ಹಾರಿದರೆ ಸುಮ್ನೆ ತಿರುಗಿ ನಿಲ್ಲಿ. ಕೇಳದ ನೆಂಟರು ಇರುತ್ತಾರೆ. ಅವರು ಬರುವ ಮುಂಚೆಯೇ ಬೂದಿಗೆ ಲೀಶ್ ಹಾಕಿರುತ್ತೇನೆ. ಹಳೇ ಚಾಳಿಗೆ ಫಲ ನಿಂತಾಗ ಅದು ಇಳಿಯುವ ಮುಂಚೆ ಒಮ್ಮೆ ಜೋರಾಗುತ್ತದೆ. ಇನ್ನೂ ಎತ್ತರಕ್ಕೆ ಹಾರುತ್ತದೆ, ಇನ್ನೂ ಬೊಗಳುತ್ತದೆ. ಆ ಹೊತ್ತಿನಲ್ಲಿ ಸೋತು ಮುದ್ದು ಮಾಡಿಬಿಟ್ಟರೆ ಜೋರು ಮಾಡಿದರೆ ಸಿಗುತ್ತೆ ಅಂತ ಹೊಸ ಪಾಠವಾಗುತ್ತದೆ.

ಯಾವಾಗಲೋ ಒಮ್ಮೆ ಫಲ ಸಿಗುವ ಇದೇ ನಿಯಮ ನಮ್ಮ ಪರವಾಗಿಯೂ ಕೆಲಸ ಮಾಡುತ್ತದೆ. ಮನೆಗೆ ಬಂದ ತಕ್ಷಣ ಟ್ರೀಟ್ ಪೂರ್ತಿ ನಿಲ್ಲಿಸಬೇಡಿ. ಮೊದಲು ಪ್ರತಿ ಸಲ, ಆಮೇಲೆ ಆಗೊಮ್ಮೆ ಈಗೊಮ್ಮೆ, ಯಾವಾಗ ಅಂತ ಅದಕ್ಕೆ ಅಂದಾಜು ಸಿಗದ ಹಾಗೆ ಕೊಡಿ. ಸರಿಯಾಗಿ ಮಾಡಿದ ಒಂದೆರಡು ಸೆಕೆಂಡಿನೊಳಗೆ ಕೊಡಬೇಕು. ಡಬ್ಬ ಹುಡುಕುವಷ್ಟರಲ್ಲಿ ಅದು ಎದ್ದಿದ್ದರೆ, ಎದ್ದದ್ದಕ್ಕೇ ಕೊಟ್ಟಂತೆ. ದಿನದ ಒಟ್ಟು ಕ್ಯಾಲೊರಿಯಲ್ಲಿ ಟ್ರೀಟ್ ಶೇ. 10 ದಾಟಬಾರದು. ನಾನು ಅವಳ ದಿನದ ಊಟದಿಂದಲೇ ಒಂದು ಹಿಡಿ ತೆಗೆದಿಟ್ಟಿರುತ್ತೇನೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ, ಕ್ಸೈಲಿಟಾಲ್ (ಸಕ್ಕರೆ ಬದಲು ಹಾಕುವ ಸಿಹಿ) ಇರುವ ತಿಂಡಿ ನಾಯಿಗೆ ವಿಷ. ಮಕ್ಕಳಿಗೂ ಹೇಳಿಡಿ. ಬರೀ ತಿಂಡಿಯೇ ಬಹುಮಾನ ಆಗಬೇಕಿಲ್ಲ. ಬಾಗಿಲು ತೆರೆಯುವುದು, ಚೆಂಡು ಎಸೆಯುವುದು, ಮರದ ಬುಡ ಮೂಸಲು ಬಿಡುವುದು, ಎಲ್ಲವೂ ಬಹುಮಾನವೇ. ಬೂದಿ ಕೂರದೆ ಹೊರಬಾಗಿಲು ತೆರೆಯುವುದಿಲ್ಲ.

ಕರೆದಾಗ ಬರುವುದಕ್ಕೆ ಮಾತ್ರ ಜಿಪುಣತನ ಬೇಡ. ಅಲ್ಲಿ ಪ್ರತಿ ಸಲವೂ ಏನಾದರೂ ಒಳ್ಳೆಯದು ಸಿಗಲೇಬೇಕು. ಸ್ನಾನಕ್ಕೆ, ಉಗುರು ಕತ್ತರಿಸಲು, ಆಟ ನಿಲ್ಲಿಸಿ ಮನೆಗೆ ಹೊರಡಲು 'ಕಮ್' ಅನ್ನಬೇಡಿ. ನೀವೇ ಹೋಗಿ ಕರೆತನ್ನಿ. ಆಟದ ನಡುವೆ ಸುಮ್ನೆ ಕರೆದು, ಬೆನ್ನು ತಟ್ಟಿ, ಮತ್ತೆ ಆಡಲು ಬಿಡಿ.

ಬೈಗುಳದ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ: ಕೆಲಸಕ್ಕೆ ಬಾರದು. ಚಪ್ಪಲಿ ಕಚ್ಚಿದ್ದಕ್ಕೆ ಸಂಜೆ ಬಂದು ಬೈದರೆ ಅದಕ್ಕೆ ಗೊತ್ತಾಗುವುದು ನಿಮ್ಮ ಮುಖ ಕೆಟ್ಟಿದೆ ಅನ್ನುವುದಷ್ಟೇ. "ಅದಕ್ಕೆ ತಪ್ಪು ಗೊತ್ತು, ಮುಖ ನೋಡಿ" ಅನ್ನುವವರಿಗೆ ನಾಯಿಗಳ ವರ್ತನೆ ಅಧ್ಯಯನ ಮಾಡುವ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಪ್ರಯೋಗವೇ ಉತ್ತರ. ತಿಂಡಿ ಕದ್ದಿದ್ದರೂ ಕದಿಯದಿದ್ದರೂ, ಒಡೆಯರು ಬೈದಾಗಲೇ ನಾಯಿಗಳು ಆ ಮುಖ ಹೆಚ್ಚು ಮಾಡಿದವು. ಚಪ್ಪಲಿಯನ್ನು ಬೀರುವಿನಲ್ಲಿಡಿ, ಕಸದ ಡಬ್ಬಕ್ಕೆ ಮುಚ್ಚಳ ಹಾಕಿ, ಅಗಿಯಲು ಅದರದ್ದೇ ಆಟಿಕೆ ಕೊಡಿ. ಗುರ್ ಅಂದದ್ದಕ್ಕಂತೂ ಶಿಕ್ಷಿಸಲೇಬೇಡಿ. ಅದು ಎಚ್ಚರಿಕೆ. ಎಚ್ಚರಿಕೆ ಕೊಡುವುದನ್ನು ನಿಲ್ಲಿಸಿದ ನಾಯಿ ಸೀದಾ ಕಚ್ಚಬಹುದು.

ಹರೆಯದ ನಾಯಿ ಇದ್ದರೆ ಸ್ವಲ್ಪ ತಾಳ್ಮೆ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎಂಟು ತಿಂಗಳ ನಾಯಿಗಳು ಐದು ತಿಂಗಳಲ್ಲಿದ್ದಾಗಿನದಕ್ಕಿಂತ ಒಡೆಯರ 'ಸಿಟ್' ಅನ್ನು ಕಡಿಮೆ ಕೇಳಿದವು. ಅಪರಿಚಿತರು ಹೇಳಿದರೆ ಮಾತ್ರ ಹಾಗೇನೂ ಆಗಲಿಲ್ಲವಂತೆ! ಈ ವಯಸ್ಸಿನಲ್ಲಿ ಹೊಸದು ಕಲಿಸುವುದಕ್ಕಿಂತ ಹಳೆಯದನ್ನೇ ಸುಲಭ ಮಾಡಿ ಆಡಿಸಿ.

ಬೆಳೆದ ನಾಯಿ ಇದ್ದಕ್ಕಿದ್ದ ಹಾಗೆ ಕೂರಲು ಒಲ್ಲೆ ಅಂದರೆ, ಮನೆಯೊಳಗೆ ಉಚ್ಚೆ ಹೊಯ್ದರೆ, ಮುಟ್ಟಿದರೆ ಗುರ್ ಅಂದರೆ ಮೊದಲು ಡಾಕ್ಟರಿಗೆ ತೋರಿಸಿ. ಸೊಂಟ ನೋವು, ಕಿವಿ ಸೋಂಕು, ಮೂತ್ರದ ಸೋಂಕು ಯಾವುದೂ ಇರಬಹುದು. ನೋವಿಲ್ಲ ಅಂತ ಆದ ಮೇಲೆ ಟ್ರೈನರ್‌ಗೆ ಫೋನ್ ಮಾಡಿ. ಅದಕ್ಕೂ ಮುಂಚೆ ಆ ಹೊತ್ತಿನ ವಿಡಿಯೊ ಮಾಡಿ ಕಳಿಸಿ, ಅದರಲ್ಲಿ ನಾಯಿ ಮಾತ್ರವಲ್ಲ, ನೀವು ನಿಂತ ರೀತಿ, ಲೀಶ್ ಹಿಡಿದ ಕೈ ಎಲ್ಲ ಕಾಣಬೇಕು. ಟ್ರೈನರ್ ಮೊದಲು ನೋಡುವುದು ಆ ಕೈಯನ್ನೇ.